ಟಪಾಲಪ್ಪನವರ ಒಲೆ ತಪಾಸಣೆ

ಒಲೆ ಕೊಳ್ಳುವುದು ಅಂಥ ಘನಂದಾರಿ ಕೆಲಸವೇನಲ್ಲ. ಅಂಗಡಿಗೆ ಹೋಗಬೇಕು, ಒಂದನ್ನು ಬೆರಳು ಮಾಡಿ ತೋರಿಸಬೇಕು, ಕೊಟ್ಟದ್ದನ್ನು ಹೊತ್ತು ತರಬೇಕು. ಲೋಕದಲ್ಲಿ ಇಷ್ಟೊಂದು ಮನೆಗಳಿವೆ, ಎಲ್ಲರೂ ಹಾಗೇ ತಂದಿದ್ದಾರೆ. ಆದರೆ ಅವರಲ್ಲಿ ಯಾರೂ ಟಪಾಲಪ್ಪನವರಲ್ಲ.

ಟಪಾಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಗ್ನಿಶಾಮಕ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಳಗೆ ಬರುವ ಪತ್ರಕ್ಕೆ ನಂಬರು ಹಾಕಿ, ಹೊರಗೆ ಹೋಗುವ ಲಕೋಟೆಗೆ ಅಂಟು ಹಚ್ಚುತ್ತಿದ್ದುದರಿಂದ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು ಅದು. ಅವರು ವಾಸವಿದ್ದ ಹನ್ನೆರಡು ಮನೆಗಳ ಕಟ್ಟಡದಲ್ಲಿ ಮಾತ್ರ ಈ ಬಿರುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವರು 'ಆಫೀಸರು'. ಹಾಗಂತ ಅವರು ಯಾರ ಹತ್ತಿರವೂ ಸುಳ್ಳು ಹೇಳಿರಲಿಲ್ಲ. "ನಮ್ಮ ಇಲಾಖೇಲಿ ಇಂಥದ್ದನ್ನೆಲ್ಲ ನಾವು ಬಿಡೋದೇ ಇಲ್ಲ" ಎಂದು ಮೆಟ್ಟಿಲ ಮೇಲೆ ನಿಂತು ಆಗಾಗ ಹೇಳುತ್ತಿದ್ದರು, ಅಷ್ಟೇ. ಮಿಕ್ಕಿದ್ದನ್ನು ಜನ ತಾವೇ ಊಹಿಸಿಕೊಂಡಿದ್ದರು, ಇವರು ತಿದ್ದುವುದಕ್ಕೆ ಹೋಗಿರಲಿಲ್ಲ.

ಈ ಟಪಾಲಪ್ಪನವರು ಲಾಂಡ್ರಿಯವರು ಬೇಡವೆಂದು ಮಾರಿದ ಹಳೆಯ ವ್ಯಾನೊಂದನ್ನು ಕೊಂಡು, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಅದನ್ನು ಓಡಾಡುವ ಮನೆಯಾಗಿ ಮಾಡಿದ್ದರು. ಮಡಚುವ ಹಾಸಿಗೆ, ಕಪಾಟು, ನೀರಿನ ಡಬ್ಬ, ಪರದೆ ಎಲ್ಲ ಇತ್ತು. ಒಲೆಯ ಜಾಗ ಮಾತ್ರ ಖಾಲಿ ಇತ್ತು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಎಂಬ ಸಂಗತಿ ಅವರಿಗೆ ಈಚೆಗೆ ಮುಳ್ಳಿನಂತೆ ಚುಚ್ಚತೊಡಗಿತ್ತು. ನಾಲ್ಕು ದಿನದ ರಜೆ ಬೇಡಿ, ಬೇಡಿ, ಮಂಜೂರು ಮಾಡಿಸಿಕೊಂಡಿದ್ದರು. ಶನಿವಾರ ಬೆಳಿಗ್ಗೆ ಹೊರಡುವುದು ಎಂದು ನಿಶ್ಚಯವಾಗಿತ್ತು.

ಅದಕ್ಕೆ ಮುಂಚಿನ ಭಾನುವಾರ ಹೆಂಡತಿಯ ಅಣ್ಣ ಬಂದರು. ಸ್ವಂತ ಕುರ್ಚಿ ಮೇಜಿನ ಅಂಗಡಿ ಇಟ್ಟವರು, ಯಾವುದನ್ನು ಕಂಡರೂ ಅಲ್ಲಾಡಿಸಿ ನೋಡುವ ಅಭ್ಯಾಸದವರು. ವ್ಯಾನಿನ ಒಳಗೆ ಹತ್ತಿ, ತಲೆ ಬಡಿಸಿಕೊಂಡು, ಕಪಾಟನ್ನು ಅಲ್ಲಾಡಿಸಿ, ಖಾಲಿ ಜಾಗದ ಮುಂದೆ ನಿಂತರು.

"ಒಲೆ ಎಲ್ಲಿ ಭಾವ?"

"ಬರತ್ತೆ."

"ಎಂಥ ಒಲೆ?"

ಗೊತ್ತಿಲ್ಲ ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಟಪಾಲಪ್ಪನವರು ಗಂಟಲು ಸರಿಮಾಡಿಕೊಂಡರು. "ಬೆಂಕಿ ವಿಷಯದಲ್ಲಿ ನಮ್ಮ ಇಲಾಖೆಗಿಂತ ಬಲ್ಲವರು ಯಾರಿದ್ದಾರೆ ಭಾವ? ವೈಜ್ಞಾನಿಕವಾಗಿ ಆರಿಸ್ತಾ ಇದ್ದೀನಿ."

"ಆರಿಸಿ, ಆರಿಸಿ" ಎಂದ ಭಾವ ತಂಗಿಯ ಕಡೆ ತಿರುಗಿದರು. "ಶನಿವಾರ ಎಂಟಕ್ಕೆ ಕಾರು ತರ್ತೀನಮ್ಮ. ಈ ಡಬ್ಬ ಹೊರಟರೆ ಸಂತೋಷ. ಇಲ್ಲಾಂದ್ರೆ ನಮ್ಮನೇಗೆ ಬಂದು ನಾಲ್ಕು ದಿನ ಹಾಯಾಗಿ ಇದ್ದು ಹೋಗು."

"ಆಗಲಿ ಅಣ್ಣ. ಎಂಟು ಗಂಟೆವರೆಗೂ ನೋಡ್ತೀನಿ" ಎಂದರು ಆಕೆ, ಲೋಟ ಒರೆಸುತ್ತಲೇ. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಟಪಾಲಪ್ಪನವರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಇನ್ನೊಂದು ಗಂಟೂ ಇತ್ತು. ಗಾಡಿಯೊಳಗೆ ಒಲೆ ಹಚ್ಚುವುದಾದರೆ ಅಗ್ನಿಶಾಮಕ ಅಧಿಕಾರಿಯ ಸರ್ಟಿಫಿಕೇಟು ಬೇಕು. ಆ ಅಧಿಕಾರಿ ಬೇರೆ ಯಾರೂ ಅಲ್ಲ, ಟಪಾಲಪ್ಪನವರ ಮೇಲಿನ ಸಾಹೇಬರೇ. ಶುಕ್ರವಾರ ಹತ್ತು ಗಂಟೆಗೆ ಬಂದು ನೋಡುತ್ತೇನೆಂದು ಒಪ್ಪಿಕೊಂಡಿದ್ದರು. ಅಂದರೆ ಶುಕ್ರವಾರ ಹತ್ತರೊಳಗೆ ಒಲೆ ಗಾಡಿಯಲ್ಲಿ ಕೂತಿರಬೇಕಿತ್ತು.

ಸೋಮವಾರ ಸಂಜೆ ಅವರು ಅಂಗಡಿಗೆ ಹೋದರು. ಅಂಗಡಿಯವನು ಕಟ್ಟೆಯ ಮೇಲೆ ನಾಲ್ಕು ಒಲೆ ಸಾಲಾಗಿ ಇಟ್ಟ. ಸಣ್ಣ ಗ್ಯಾಸ್ ಡಬ್ಬಿ ಸಿಕ್ಕಿಸುವುದು ಒಂದು, ಪುಟ್ಟ ಸಿಲಿಂಡರಿನ ತಲೆಯ ಮೇಲೆ ಕೂರುವುದು ಒಂದು, ಸ್ಪಿರಿಟ್ ಹಾಕಿ ಉರಿಸುವುದು ಒಂದು, ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ ಒಂದು.

"ಇಬ್ಬರಿಗೆ ತಾನೆ? ಈ ಡಬ್ಬೀದು ತಗೊಂಡು ಹೋಗಿ. ಹಚ್ಚಿ, ಕುದಿಸಿ, ಆರಿಸಿ, ಮಡಚಿಡಿ. ಮುಗೀತು."

"ಗಾಳಿ ಬಂದರೆ?"

"ಗಾಡಿ ಬಾಗಿಲು ಹಾಕ್ಕೊಳ್ಳಿ."

"ಬಾಗಿಲು ಹಾಕ್ಕೊಂಡರೆ ಉಸಿರು ಕಟ್ಟಲ್ವಾ?"

"ಕಿಟಕಿ ತೆಗೀರಿ."

"ಕಿಟಕಿ ತೆಗೆದರೆ ಗಾಳಿ?"

ಅಂಗಡಿಯವನು ಅವರನ್ನು ದೀರ್ಘವಾಗಿ ನೋಡಿ, ಬಕೆಟ್ಟು ಕೇಳಲು ಬಂದಿದ್ದ ಹೆಂಗಸಿನ ಕಡೆ ಹೋದ. ಟಪಾಲಪ್ಪನವರು ಬರಿಗೈಯಲ್ಲಿ ಮನೆಗೆ ಬಂದರು.

ಗುಮಾಸ್ತನಾದವನು ಗೊಂದಲಕ್ಕೆ ಬಿದ್ದರೆ ಮಾಡುವುದು ಒಂದೇ ಕೆಲಸ, ನಮೂನೆ ತಯಾರಿಸುವುದು. ಟಪಾಲಪ್ಪನವರು ಕಪಾಟಿನ ಅಡಿಗೆ ಹಾಸಲೆಂದು ಕಚೇರಿಯಿಂದ ತಂದಿದ್ದ, ಒಂದೇ ಮಗ್ಗುಲು ಅಚ್ಚಾಗಿದ್ದ ಹಳೆಯ ಕಾಗದದ ಕಟ್ಟು ಬಿಚ್ಚಿದರು. ಖಾಲಿ ಮಗ್ಗುಲಿನಲ್ಲಿ ಗೆರೆ ಎಳೆದು ಹದಿನಾಲ್ಕು ಕಾಲಂ ಬರೆದರು. ಒಲೆಯ ವಿಧ. ಉರಿಯ ಎತ್ತರ. ಒಂದು ಲೀಟರ್ ನೀರು ಕುದಿಯಲು ತಗಲುವ ನಿಮಿಷ. ಒಲೆ ಯಾವಾಗಲಾದರೂ ಕೈಕೊಟ್ಟಿದೆಯೇ. ಕೊಟ್ಟಿದ್ದಲ್ಲಿ ಆಗ ಸ್ಥಳದಲ್ಲಿದ್ದವರು ಯಾರು. ಕಡೆಯಲ್ಲಿ ಸಹಿ. ಮಿಕ್ಕ ಹನ್ನೊಂದು ಮನೆಗೂ ಒಂದೊಂದು ಪ್ರತಿ ಸಿದ್ಧವಾಯಿತು. ಕಟ್ಟಡದವರ ಅನುಭವವನ್ನೆಲ್ಲ ಒಟ್ಟುಮಾಡಿದರೆ ಒಲೆ ತಾನಾಗಿ ಆಯ್ಕೆಯಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಹೆಂಡತಿಗೆ ಏನೂ ಹೇಳಲಿಲ್ಲ. ಆಕೆಯನ್ನು ಬೆರಗುಗೊಳಿಸುವ ಆಸೆ.

ಕಾಗದದ ಹಿಂದಿನ ಮಗ್ಗುಲನ್ನು ಮಾತ್ರ ಅವರು ನೋಡಲಿಲ್ಲ. ಕಚೇರಿ ಒಂಬತ್ತು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಫಾರಂ ಅದು. ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಅಡುಗೆಮನೆ ತಪಾಸಣೆ. ತಪ್ಪು ಕಂಡುಬಂದಲ್ಲಿ ಒಲೆಯನ್ನು ಸ್ಥಳದಲ್ಲೇ ಮುಟ್ಟುಗೋಲು ಹಾಕಿಕೊಳ್ಳಲಾಗುವುದು.'

ಮಂಗಳವಾರ ಸಂಜೆ ಅವರು ಫಾರಂಗಳನ್ನೆಲ್ಲ ಬಾಗಿಲುಗಳ ಕೆಳಗೆ ತೂರಿಸಿ, ಒಂದು ಗಂಟೆ ಬಿಟ್ಟು, ಕೈಯಲ್ಲಿ ಅಳತೆ ಪಟ್ಟಿ, ಗಡಿಯಾರ ಹಿಡಿದು ಹೊರಟರು. ಮೊದಲನೆಯ ಬಾಗಿಲು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯದು. ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದ ಆತನನ್ನು ಎಲ್ಲರೂ ಡ್ರಿಲ್ ಮೇಷ್ಟ್ರು ಎನ್ನುತ್ತಿದ್ದರು. ಬಾಗಿಲು ತೆರೆದವರೇ ಹಿಮ್ಮಡಿ ಜೋಡಿಸಿ ನಿಂತುಬಿಟ್ಟರು.

"ಗಾಬರಿ ಆಗ್ಬೇಡಿ ಮೇಷ್ಟ್ರೇ. ಸುಮ್ಮನೆ ಒಲೆ ನೋಡಿಕೊಂಡು ಹೋಗೋಣ ಅಂತ ಬಂದೆ."

"ನೋಡಿ ಸಾರ್. ಅಡುಗೆಮನೇಲಿರೋದು ಒಂದೇ ಒಲೆ. ಬಾಲ್ಕನೀಲಿರೋದು ನಮ್ಮದಲ್ಲ."

"ಬಾಲ್ಕನೀಲಿ ಇನ್ನೊಂದಿದೆಯಾ?" ಟಪಾಲಪ್ಪನವರ ಮುಖ ಅರಳಿತು. "ಭೇಷ್! ಅದನ್ನೂ ಬರ್ಕೋತೀನಿ."

ಮೇಷ್ಟ್ರ ಮುಖದಲ್ಲಿ ರಕ್ತ ಉಳಿಯಲಿಲ್ಲ. ಅವರ ಹೆಂಡತಿ ಒಳಗಿನಿಂದಲೇ, "ನೀರು ಕಾಯಿಸೋಕೆ ಅಷ್ಟೇ ಸಾರ್, ನಾಳೆಯಿಂದ ತಣ್ಣೀರಲ್ಲೇ ಸ್ನಾನ ಮಾಡ್ತೀವಿ" ಎಂದರು. ಟಪಾಲಪ್ಪನವರು ಅದನ್ನೂ ಬರೆದುಕೊಂಡರು, ಯಾವ ಕಾಲಮಿಗೂ ಹೊಂದಲಿಲ್ಲವಾದರೂ.

ಎರಡನೆಯ ಬಾಗಿಲು ಕೇಕಿನಕ್ಕನದು. ಗಂಡ ತೀರಿಕೊಂಡ ಮೇಲೆ ಆಕೆ ಮನೆಯಲ್ಲೇ ಕೇಕು ಬೇಯಿಸಿ ಊರಿನ ಅರ್ಧ ಅಂಗಡಿಗಳಿಗೆ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದರು. ಇದಕ್ಕೆ ಲೈಸೆನ್ಸು ಎಂಬುದೊಂದು ಬೇಕು, ಅದು ಆಕೆಯ ಬಳಿ ಇಲ್ಲ ಎಂಬುದು ಕಟ್ಟಡಕ್ಕೆಲ್ಲ ತಿಳಿದಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಮೂರು ಒಲೆ ಉರಿಯುತ್ತಿದ್ದವು. ಮಂಚದ ಮೇಲೆ, ಕುರ್ಚಿಗಳ ಮೇಲೆ, ಟೀವಿಯ ಮೇಲೆ ಕೇಕುಗಳು ಆರುತ್ತಿದ್ದವು.

"ಹವ್ಯಾಸಕ್ಕೆ ಮಾಡೋದು ಆಫೀಸರೇ" ಎಂದರು ಕೇಕಿನಕ್ಕ, ಏಪ್ರನ್ನಿನ ತುದಿ ಮುದುರುತ್ತ.

"ಇಷ್ಟೊಂದಾ?"

"ನಾವು ಸ್ವಲ್ಪ ಜಾಸ್ತಿ ತಿಂತೀವಿ."

ಟಪಾಲಪ್ಪನವರು ಬಗ್ಗಿ ಮೂರು ಉರಿಯ ಎತ್ತರವನ್ನೂ ಅಳೆದರು. ಆಮೇಲೆ ತಮ್ಮ ಸಂಶೋಧನೆಗೆ ಅತ್ಯಗತ್ಯವಾದ ಪ್ರಶ್ನೆ ಕೇಳಿದರು. "ಮೂರರಲ್ಲಿ ಯಾವುದು ಇಲ್ಲದಿದ್ದರೂ ನಡೆಯತ್ತೆ ಅಕ್ಕ?"

ಕೇಕಿನಕ್ಕನ ಕಣ್ಣು ತುಂಬಿತು. "ಒಂದನ್ನಾದರೂ ಬಿಟ್ಟು ಹೋಗಿ ಆಫೀಸರೇ. ದೊಡ್ಡವಳದು ಕಡೇ ವರ್ಷ."

ಅಳುವಷ್ಟು ಪ್ರೀತಿ ಒಲೆಯ ಮೇಲೆ ಇರುವುದನ್ನು ಕಂಡು ಟಪಾಲಪ್ಪನವರಿಗೆ ಮೆಚ್ಚುಗೆಯಾಯಿತು. ಹದಿನಾಲ್ಕನೆಯ ಕಾಲಮಿನಲ್ಲಿ 'ಅತ್ಯಂತ ತೃಪ್ತಿ' ಎಂದು ಬರೆದು ಸಹಿ ಮಾಡಿಸಿಕೊಂಡರು.

ಬುಧವಾರ ಬೆಳಿಗ್ಗೆ ಕಚೇರಿಯಲ್ಲಿ ಅಂದಿನ ಟಪಾಲು ಒಡೆಯುತ್ತಿದ್ದಾಗ ಪರಿಚಯದ ಕೈಬರಹದ ಲಕೋಟೆಯೊಂದು ಸಿಕ್ಕಿತು. ಡ್ರಿಲ್ ಮೇಷ್ಟ್ರು ಬೆಳಿಗ್ಗೆಯೇ ಬಂದು ಪೆಟ್ಟಿಗೆಗೆ ಹಾಕಿ ಹೋಗಿದ್ದರು, ಆಫೀಸರ ಹೆಸರು ಬರೆಯುವ ಧೈರ್ಯ ಮಾತ್ರ ಮಾಡಿರಲಿಲ್ಲ. 'ತಮ್ಮ ಇಲಾಖೆಯ ತಪಾಸಣಾಧಿಕಾರಿಯೊಬ್ಬರು ಮುನ್ಸೂಚನೆ ಇಲ್ಲದೆ ಅಡುಗೆಮನೆಗಳಿಗೆ ನುಗ್ಗಿ, ಉರಿಯನ್ನು ಅಳೆದು, ಒಲೆಗಳನ್ನು ಮುಟ್ಟುಗೋಲು ಹಾಕುವುದಾಗಿ ಬೆದರಿಸಿ, ಒಬ್ಬ ತಾಯಿಯನ್ನು ಅಳಿಸಿದ್ದಾರೆ. ಸಾಕ್ಷಿಗೆ ಫಾರಂ ಲಗತ್ತಿಸಿದೆ.'

ಯಾವ ಕಿರಾತಕ ಇವನು ಎಂದು ಟಪಾಲಪ್ಪನವರು ಹಲ್ಲು ಕಡಿಯುತ್ತ ಲಗತ್ತನ್ನು ತಿರುಗಿಸಿದರು. ತಮ್ಮದೇ ಅಕ್ಷರ ತಮ್ಮನ್ನು ನೋಡಿತು. ಮತ್ತೆ ತಿರುಗಿಸಿ ಹಿಂದಿನ ಮಗ್ಗುಲನ್ನು ಓದಿದರು.

ಕಾಗದ ಕೈಯಲ್ಲಿತ್ತು. ಕಸದ ಬುಟ್ಟಿ ಕಾಲ ಬಳಿ ಇತ್ತು. ಸುತ್ತ ಯಾರೂ ಇರಲಿಲ್ಲ. ಮೆಲ್ಲನೆ ಫಾರಮನ್ನು ಬಿಡಿಸಿ ಜೇಬಿಗೆ ಇಳಿಸಿಯೂ ಬಿಟ್ಟರು. ಇನ್ನು ಪತ್ರವೊಂದು ಉಳಿದಿತ್ತು. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಕೆಟ್ಟದ್ದು. ತಲೆ ಬೇಡ ಬೇಡ ಎನ್ನುತ್ತಿರುವಾಗಲೇ ಬಲಗೈ ಮೊಹರು ಎತ್ತಿ ಪತ್ರದ ನೆತ್ತಿಗೆ ಬಡಿದು, ನಂಬರು ಬರೆದು, ರಿಜಿಸ್ಟರಿಗೆ ಏರಿಸಿಬಿಟ್ಟಿತ್ತು. ನಂಬರು ಬಿದ್ದ ಪತ್ರವನ್ನು ತಡೆಯುವ ಶಕ್ತಿ ಯಾವ ಗುಮಾಸ್ತನಿಗೂ ಇಲ್ಲ.

ಸಾಹೇಬರು ಓದಿ ಮೇಜು ಗುದ್ದಿದರು. "ನಮ್ಮಲ್ಲಿ ಅಡುಗೆಮನೆ ತಪಾಸಣೆ ನಿಂತು ಒಂಬತ್ತು ವರ್ಷ ಆಯ್ತು! ಯಾವನೋ ನಕಲಿ ಆಫೀಸರು ಊರು ತುಂಬ ತಿರುಗ್ತಾ ಇದ್ದಾನೆ. ಲಗತ್ತು ಎಲ್ಲಯ್ಯಾ?"

"ಬಂದಿಲ್ಲ ಸಾರ್. ಪಿನ್ನು ಮಾತ್ರ ಇತ್ತು."

"ಇದು ನೀನಿರೋ ಕಟ್ಟಡ ಅಲ್ವೇನಯ್ಯಾ? ನೀನು ಅವನನ್ನ ನೋಡಿದ್ದೀಯಾ?"

"ಮುಖಾಮುಖಿ ಭೇಟಿ ಆಗಿಲ್ಲ ಸಾರ್" ಎಂದರು ಟಪಾಲಪ್ಪನವರು, ಸತ್ಯವನ್ನೇ.

"ಶುಕ್ರವಾರ ನಿನ್ನ ಗಾಡಿ ನೋಡೋಕೆ ಬರ್ತೀನಲ್ಲ, ಆಗಲೇ ಒಂದೊಂದು ಮನೇನೂ ಹೊಕ್ಕು ವಿಚಾರಿಸ್ತೀನಿ. ಕಾರ್ಯದರ್ಶಿಗೆ ಪತ್ರ ಕಳಿಸು. ಆ ಕಳ್ಳನ್ನ ಹಿಡಿದು ಪೊಲೀಸರಿಗೆ ಕೊಟ್ಟೇ ನಾನು ಊಟ ಮಾಡೋದು."

ಹೀಗೆ ತಮ್ಮನ್ನು ತಾವೇ ಹಿಡಿಸಿಕೊಡುವ ಪತ್ರಕ್ಕೆ ಟಪಾಲಪ್ಪನವರು ತಾವೇ ಅಂಟು ಹಚ್ಚಿ, ಗುರುವಾರ ಸಂಜೆ ತಾವೇ ಒಯ್ದು ಮೇಷ್ಟ್ರ ಬಾಗಿಲಿನಡಿ ತೂರಿಸಿದರು. ಕರೆಗಂಟೆ ಒತ್ತಿ ನಿಜ ಹೇಳಿಬಿಡಲೇ ಎಂದು ಬೆರಳು ಎತ್ತಿದರು. ಎಲ್ಲ ಹೇಳಿದರೆ ಶನಿವಾರ ಕೆಟ್ಟಂತೆ. ಬೆರಳು ಇಳಿಸಿ ಅಂಗಡಿಗೆ ಓಡಿದರು. ಡಬ್ಬಿ ಒಲೆಯೋ, ಪಂಪಿನ ಒಲೆಯೋ, ಯಾವುದಾದರೊಂದು ಇಂದು ಸಿಗಲೇಬೇಕು.

ಅಂಗಡಿಯ ಕಟ್ಟೆ ಬರಿದಾಗಿತ್ತು. ಮುಟ್ಟುಗೋಲಿನ ಸುದ್ದಿ ಅಲ್ಲಿಗೂ ತಲುಪಿತ್ತು.

"ಒಲೆನಾ? ಒಲೆ ಇಲ್ಲ" ಎಂದ ಅಂಗಡಿಯವನು, ನೋಟ ತಪ್ಪಿಸಿ. "ಯಾವತ್ತೂ ಮಾರಿಲ್ಲ. ಬಕೆಟ್ಟು ಬೇಕಾದರೆ ಹೇಳಿ."

"ಸೋಮವಾರ ನಾಲ್ಕು ತೋರಿಸಿದ್ರಲ್ಲ!"

"ಅವು ನಮ್ಮ ಭಾವಮೈದುನಂದು ಸಾರ್. ಊರಿಗೆ ತಗೊಂಡು ಹೋದ."

ಆ ವೇಳೆಗೆ ಕಟ್ಟಡದಲ್ಲಿ ಏನೇನು ನಡೆದಿತ್ತೋ ಟಪಾಲಪ್ಪನವರಿಗೆ ತಿಳಿಯಲಿಲ್ಲ. ಹಿಂತಿರುಗಿದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ, ಯಾವ ಮನೆಯಿಂದಲೂ ಒಗ್ಗರಣೆಯ ಸದ್ದಿರಲಿಲ್ಲ. ಹೆಂಡತಿ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದರು. ಯಾವ ಗಾಡಿ ಹತ್ತುವ ಪೆಟ್ಟಿಗೆ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.

ಶುಕ್ರವಾರ ಹತ್ತಕ್ಕೆ ಸರಿಯಾಗಿ ಕೆಂಪು ಜೀಪು ಬಂದು ನಿಂತಿತು. ಸಾಹೇಬರು ಮೊದಲು ಮೇಷ್ಟ್ರ ಮನೆ ಹೊಕ್ಕರು. ಅಡುಗೆ ಕಟ್ಟೆ ನುಣ್ಣಗೆ ಹೊಳೆಯುತ್ತಿತ್ತು. ಅದರ ಮೇಲೆ ಹೂದಾನಿ ಇಟ್ಟಿದ್ದರು.

"ಒಲೆ ಎಲ್ಲಿ ಮೇಷ್ಟ್ರೇ?"

"ನಾವು ಒಲೆ ಇಟ್ಟುಕೊಂಡಿಲ್ಲ ಸಾರ್. ಹಸೀದೇ ತಿನ್ನೋದು. ಆರೋಗ್ಯಕ್ಕೆ."

ಇನ್ನೊಂದು ಮನೆಯಲ್ಲೂ ಒಲೆಯಿಲ್ಲ, ಅವರದು ಹಣ್ಣು. ಮತ್ತೊಂದು ಮನೆಯವರು ಉಪವಾಸ. ಕೇಕಿನಕ್ಕನ ಮನೆಯಲ್ಲಿ ಮೂಗಿಗೆ ಅಡರುವಷ್ಟು ವೆನಿಲಾ ವಾಸನೆ ಇತ್ತು. "ಊದುಬತ್ತಿ ಸಾರ್" ಎಂದರು ಆಕೆ. ಮನೆಮನೆಗೂ ಸಾಹೇಬರ ಹುಬ್ಬು ಇನ್ನಷ್ಟು ಗಂಟಿಕ್ಕಿತು. ಅವರ ಹಿಂದೆ ಟಪಾಲಪ್ಪನವರು, ಅವರ ಹಿಂದೆ ಕಟ್ಟಡವೆಲ್ಲ. ಕಡೆಗೆ ಹನ್ನೆರಡನೆಯ ಮನೆಗೆ, ಟಪಾಲಪ್ಪನವರ ಮನೆಗೆ ಬಂದರೆ, ಹೆಂಡತಿ ನಿರಾತಂಕವಾಗಿ ಟೀ ಕುದಿಸುತ್ತಿದ್ದರು.

"ಇಡೀ ಕಟ್ಟಡಕ್ಕೆ ಒಲೆ ಇರೋದು ನಿನ್ನ ಮನೇಲಿ ಮಾತ್ರ" ಎಂದರು ಸಾಹೇಬರು. "ಆ ಕಳ್ಳ ಎಲ್ಲಾರ ಒಲೆ ಹೊತ್ಕೊಂಡು ಹೋಗಿದ್ದಾನೆ, ಹೆದರಿಕೊಂಡು ಯಾರೂ ಬಾಯಿ ಬಿಡ್ತಿಲ್ಲ. ಇರಲಿ. ನಿನ್ನ ಗಾಡಿ ನೋಡಿ ಮುಗಿಸೋಣ ನಡಿ."

ಬೀಗ ತೆಗೆದವರು ಟಪಾಲಪ್ಪನವರು. ಬಾಗಿಲು ಸರಿಸಿದವರು ಸಾಹೇಬರು. ಸರಿಸಿದ ಕೂಡಲೇ ಒಂದು ಬಾಣಲೆ ಉರುಳಿ ಬಂದು ಅವರ ಬೂಟಿನ ಬಳಿ ಗಿರಗಿರನೆ ತಿರುಗಿ ಮಲಗಿತು. ಒಳಗೆ ಹಾಸಿಗೆಯ ಮೇಲೆ, ಹಾಸಿಗೆಯ ಕೆಳಗೆ, ಕಪಾಟಿನಲ್ಲಿ, ಡ್ರೈವರ್ ಸೀಟಿನ ಮೇಲೆ ಒಲೆಗಳು. ಸಾಹೇಬರು ಬೆರಳು ಮಡಚಿ ಎಣಿಸಿದರು. ಹದಿನಾಲ್ಕು ಒಲೆ, ಆರು ಸಿಲಿಂಡರು. ಆಫೀಸರ ಗಾಡಿಯನ್ನು ಯಾವ ಆಫೀಸರೂ ಮುಟ್ಟುವುದಿಲ್ಲ ಎಂಬುದು ಮೇಷ್ಟ್ರ ಯುದ್ಧತಂತ್ರ. ಬೀಗದ ಕೈ ಕೊಟ್ಟವರು ಯಾರು ಎಂದು ಟಪಾಲಪ್ಪನವರು ತಿರುಗಿ ನೋಡಿದರೆ, ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಹೆಂಡತಿ, "ಕೇಕಿನಕ್ಕ ಅಳ್ತಾ ಇದ್ರು ರೀ" ಎಂದರು.

"ಏನಯ್ಯಾ ಇದು?" ಸಾಹೇಬರ ಧ್ವನಿ ಮೆತ್ತಗಾಗಿತ್ತು. ಅದು ಕೆಟ್ಟ ಸೂಚನೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. "ಯಾರವು ಇವೆಲ್ಲ?"

ಕೇಕಿನಕ್ಕ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಿದ್ದರು. ಒಂದು ಹೆಸರು ಹೇಳಿದರೆ ಲೈಸೆನ್ಸಿನ ಮಾತು ಬರುತ್ತದೆ, ಲೈಸೆನ್ಸಿನ ಮಾತು ಬಂದರೆ ಮೂರು ಒಲೆಯೂ ಜೀಪಿಗೆ ಹೋಗುತ್ತದೆ. ಟಪಾಲಪ್ಪನವರು ಆಕೆಯನ್ನು ನೋಡಿದರು, ಜೀಪನ್ನು ನೋಡಿದರು. ಬೆವರು ಒರೆಸಲು ಕರವಸ್ತ್ರ ಎಳೆದರು. ಅದರ ಜೊತೆಗೆ ಬುಧವಾರದ ಫಾರಂ ಹೊರಬಂದು ಸಾಹೇಬರ ಕಾಲ ಬಳಿ ಬಿತ್ತು.

ಸಾಹೇಬರು ಎತ್ತಿಕೊಂಡರು. ಒಂದು ಮಗ್ಗುಲು ಓದಿದರು, ಇನ್ನೊಂದು ಮಗ್ಗುಲು ಓದಿದರು. ಇಪ್ಪತ್ತೆರಡು ವರ್ಷ ರಿಜಿಸ್ಟರಿನಲ್ಲಿ ಕಂಡ ಅಕ್ಷರ ಗುರುತು ಸಿಗದೆ ಇರುತ್ತದೆಯೇ?

"ನೀನಾ?"

"ನಾನೇ ಸಾರ್. ಒಲೆಗಳೂ ನನ್ನವೇ."

"ಹದಿನಾಲ್ಕೂ?"

"ಹದಿನಾಲ್ಕೂ ಸಾರ್. ಆರಿಸ್ತಾ ಇದ್ದೆ."

"ಯಾವುದನ್ನ?"

"ಯಾವುದಾದ್ರೂ ಒಂದನ್ನ."

ಹಿಂದೆ ನಿಂತಿದ್ದ ಡ್ರಿಲ್ ಮೇಷ್ಟ್ರು, "ಆಫೀಸರೇ ಆಫೀಸರನ್ನ ಬೈತಾ ಇದ್ದಾರಲ್ಲ" ಎಂದು ಪಿಸುಗುಟ್ಟಿದರು.

"ಆಫೀಸರಾ?" ಸಾಹೇಬರು ತಿರುಗಿದರು. "ಇವನು ನಮ್ಮ ಟಪಾಲು ಗುಮಾಸ್ತ ಕಣ್ರೀ! ಲಕೋಟೆಗೆ ಅಂಟು ಹಚ್ಚೋನು!" ಹನ್ನೊಂದು ಮನೆಯವರ ಕಣ್ಣು ಒಟ್ಟಿಗೆ ಟಪಾಲಪ್ಪನವರ ಮೇಲೆ ಬಿತ್ತು. ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು ಅವರಿಗೆ. "ಇಲಾಖೆ ಫಾರಂ ದುರುಪಯೋಗ. ಹದಿನೈದು ದಿನ ಸಸ್ಪೆಂಡು. ನಿನ್ನ ನಾಲ್ಕು ದಿನದ ರಜೇನೂ ರದ್ದು. ಈ ಗಾಡೀಲಿ ಒಲೆ ಇರಲಿ, ಬೆಂಕಿಕಡ್ಡಿ ಗೀರೋದಕ್ಕೂ ನಾನು ಸರ್ಟಿಫಿಕೇಟು ಕೊಡಲ್ಲ. ಆರ್ಡರು ಮಧ್ಯಾಹ್ನದೊಳಗೆ ಬರತ್ತೆ."

"ನಂಬರು ಸಾವಿರದ ನಾನೂರ ಹನ್ನೆರಡು ಹಾಕಬೇಕು ಸಾರ್" ಎಂದಿತು ಟಪಾಲಪ್ಪನವರ ನಾಲಿಗೆ, ಅವರನ್ನು ಕೇಳದೆ.

ಜೀಪು ಹೋಯಿತು. ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಒಲೆ ಗುರುತು ಹಿಡಿದು ಹೊತ್ತುಕೊಂಡು ಹೋದರು. ಬರ್ನರಿನ ಮುಚ್ಚಳಕ್ಕಾಗಿ ಎರಡು ಮನೆಯವರಿಗೆ ಸಣ್ಣ ಜಗಳವೂ ಆಯಿತು. ಯಾರೂ ಟಪಾಲಪ್ಪನವರನ್ನು ಮಾತಾಡಿಸಲಿಲ್ಲ. ಕೇಕಿನಕ್ಕ ಮಾತ್ರ ಮೂರನೆಯ ಒಲೆ ಎತ್ತಿಕೊಳ್ಳುವಾಗ ಒಂದು ಗಳಿಗೆ ನಿಂತು, "ಅಣ್ಣಾ" ಎಂದರು. ಅಷ್ಟು ವರ್ಷ ಆಫೀಸರೇ ಎನ್ನುತ್ತಿದ್ದವರು. ಒಲೆ ಹೊತ್ತುಕೊಂಡು ಒಳಗೆ ಹೋದರು.

ಶನಿವಾರ ಎಂಟಕ್ಕೆ ಹತ್ತು ನಿಮಿಷ ಮುಂಚೆಯೇ ಭಾವನ ಕಾರು ಬಂತು. ಟಪಾಲಪ್ಪನವರು ವ್ಯಾನಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಭಾವ ಒಳಗೆ ಇಣುಕಿ, ಖಾಲಿ ಜಾಗ ನೋಡಿ, ನಕ್ಕರು.

"ಕರ್ಕೊಂಡು ಹೋಗಿ ಭಾವ" ಎಂದರು ಟಪಾಲಪ್ಪನವರು. "ನನ್ನ ಕೈಲಿ ಆಗಲಿಲ್ಲ."

ಹೆಂಡತಿ ಪೆಟ್ಟಿಗೆ ಹಿಡಿದು ಇಳಿದು ಬಂದರು. ಭಾವ ಕಾರಿನ ಡಿಕ್ಕಿ ತೆಗೆದು ನಿಂತರು. ಆಕೆ ಅದರ ಪಕ್ಕದಲ್ಲೇ ಹಾದು, ಗಂಡನನ್ನು "ಸ್ವಲ್ಪ ಸರೀರಿ" ಎಂದು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯನ್ನು ಒಲೆಯ ಖಾಲಿ ಜಾಗದಲ್ಲಿ ಇಟ್ಟರು. ಅಳತೆ ಮಾಡಿಸಿದ ಹಾಗೆ ಕೂತಿತು.

"ಏನಮ್ಮಾ ಇದು? ಅದರಲ್ಲಿ ಒಲೆನೇ ಇಲ್ಲ!"

"ಅದಕ್ಕೇ ಹೋಗ್ತಾ ಇರೋದು ಅಣ್ಣ."

ಆಕೆ ಪೆಟ್ಟಿಗೆಯ ಮೇಲೆ ಕೈಯೂರಿ ಅಣ್ಣನ ಕಡೆ ತಿರುಗಿದರು.

"ಇಪ್ಪತ್ತಾರು ವರ್ಷ ಒಂದು ಒಲೆ ಮುಂದೆ ನಿಂತಿದ್ದೀನಿ. ಇದರಲ್ಲೂ ಒಂದು ಹಾಕ್ತಾರೆ ಅಂದಾಗಲೇ ನಾನು ನಿನ್ನ ಜೊತೆ ಬಂದುಬಿಡೋಣ ಅಂತ ಇದ್ದೆ. ಒಲೆ ಇಲ್ಲದ ಗಾಡಿಗೆ ಯಾರ ಸರ್ಟಿಫಿಕೇಟೂ ಬೇಡ. ಇವರಿಗೆ ರಜೆ ನಾಲ್ಕು ದಿನ ಇತ್ತು, ಈಗ ಹದಿನೈದಾಗಿದೆ. ಹಸಿವಾದಾಗ ಬೇರೆ ಯಾರೋ ಮಾಡಿದ್ದನ್ನ ಕೂತುಕೊಂಡು ತಿಂತೀನಿ."

ಟಪಾಲಪ್ಪನವರು ಎದ್ದು ನಿಂತಿದ್ದರು. "ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ಹನ್ನೊಂದು ಮನೆಗೆ ಫಾರಂ ಕೊಟ್ಟಿರಂತೆ" ಎಂದರು ಆಕೆ. "ನಮ್ಮ ಮನೆಗೆ ಬಂತಾ?"

ಇದಕ್ಕೆ ಹದಿನಾಲ್ಕು ಕಾಲಮಿನಲ್ಲಿ ಎಲ್ಲೂ ಉತ್ತರವಿರಲಿಲ್ಲ. ಟಪಾಲಪ್ಪನವರು ಹೋಗಿ ಸ್ಟಿಯರಿಂಗಿನ ಮುಂದೆ ಕೂತರು. ಆಕೆ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡರು. ಎಂಜಿನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ದಾರಿಯ ನಕ್ಷೆಯನ್ನು ಎರಡು ತಿಂಗಳ ಹಿಂದೆಯೇ ಅವರು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಯಾವ ದಿನ ಎಲ್ಲಿ ಎಂದು ಪಟ್ಟಿ ಬರೆದಿಟ್ಟಿದ್ದರು. ಅದನ್ನು ತೆಗೆಯಲು ಕೈ ಚಾಚಿದವರು ತಡೆದು, ಹೆಂಡತಿಯ ಕಡೆ ತಿರುಗಿದರು.

"ನಿನಗೆ ಎಲ್ಲಿಗೆ ಹೋಗಬೇಕು?"

ಆಕೆ ಅವರನ್ನೇ ನೋಡಿದರು. ಈ ಪ್ರಶ್ನೆಗೆ ಉತ್ತರ ಯೋಚಿಸಿಟ್ಟುಕೊಳ್ಳುವ ಪ್ರಸಂಗ ಇಷ್ಟು ವರ್ಷದಲ್ಲಿ ಬಂದಿರಲೇ ಇಲ್ಲ.

"ಮೊದಲು ಗೇಟು ದಾಟಿ" ಎಂದರು ಕಡೆಗೆ, ಕಣ್ಣೊರೆಸಿಕೊಂಡು. "ಯೋಚನೆ ಮಾಡಿ ಹೇಳ್ತೀನಿ."